18 ದಿನ ತೇಲಿದವರಿಗೆ ನಡೆಯೋಕೆ ಆಗಲಿಲ್ಲ

2025ರ ಜುಲೈನಲ್ಲಿ ಬಾಹ್ಯಾಕಾಶದಿಂದ ವಾಪಸ್ ಬಂದ ನಮ್ಮ ಶುಭಾಂಶು ಶುಕ್ಲಾ ಒಂದು ತಮಾಷೆ ಪ್ರಸಂಗ ಹೇಳಿಕೊಂಡಿದ್ದರು. ಹಾಸಿಗೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡ್ತಿದ್ದವರು, ಕೆಲಸ ಮುಗಿದ ಮೇಲೆ ಅದನ್ನ ಮುಚ್ಚಿ ಪಕ್ಕಕ್ಕೆ ತಳ್ಳಿ ಬಿಟ್ಟುಬಿಟ್ಟರು. ಗಾಳಿಯಲ್ಲಿ ತೇಲುತ್ತೆ ಅಂದುಕೊಂಡಿದ್ದರು. ದಬ್ಬಂತ ಬಿತ್ತು! ಪುಣ್ಯಕ್ಕೆ ಕೆಳಗೆ ಕಾರ್ಪೆಟ್ ಇತ್ತು. ಅವರು ಬಾಹ್ಯಾಕಾಶ ನಿಲ್ದಾಣದಲ್ಲಿ ಇದ್ದದ್ದು 18 ದಿನ. ಅದಕ್ಕೆ ಸರಿಯಾಗಿ 55 ವರ್ಷ ಹಿಂದೆ, ಇಷ್ಟೇ 18 ದಿನ ಮೇಲಿದ್ದು ಬಂದ ಇಬ್ಬರ ಕಥೆ ಇದೆ. ಅದರಲ್ಲಿ ನಗೋಕೆ ಏನೂ ಇರಲಿಲ್ಲ.

ಅದಕ್ಕೂ ಮುಂಚೆ ಒಂದು ತಪ್ಪು ಸರಿ ಮಾಡಿಕೊಳ್ಳೋಣ. ಅದರಲ್ಲಿ ನಮ್ಮ ಟಿವಿಯವರ ಪಾಲೂ ಇದೆ. ‘ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲ’ ಅಂತ ಸಲೀಸಾಗಿ ಹೇಳಿಬಿಡ್ತೀವಿ. ಇದೆ ಸ್ವಾಮಿ, ಚೆನ್ನಾಗೇ ಇದೆ. ನಿಲ್ದಾಣ ಇರೋದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಹೆಚ್ಚುಕಮ್ಮಿ ಬೆಂಗಳೂರಿಂದ ಹುಬ್ಬಳ್ಳಿಗೆ ಇರೋವಷ್ಟು ದೂರ. ಅಷ್ಟಕ್ಕೆಲ್ಲ ಭೂಮಿ ಕೈ ಬಿಡೋದಿಲ್ಲ. ಅಲ್ಲೂ ಸೆಳೆತ ಇಲ್ಲಿನದರ ಶೇಕಡಾ 90ರ ಹತ್ತಿರ ಇರುತ್ತೆ. ಹಾಗಾದ್ರೆ ತೇಲೋದು ಹೇಗೆ? ಬೀಳ್ತಾ ಇರೋದ್ರಿಂದ. ನಿಲ್ದಾಣ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಓಡುತ್ತಲೇ ಭೂಮಿಯ ಕಡೆಗೂ ಬೀಳ್ತಿರುತ್ತೆ. ಭೂಮಿ ದುಂಡಗಿರೋದ್ರಿಂದ ನೆಲ ಮಾತ್ರ ಸಿಗೋದೇ ಇಲ್ಲ. ಒಳಗಿದ್ದವರೂ ಜೊತೆಯಲ್ಲೇ ಬೀಳ್ತಾರೆ. ಜಾತ್ರೆಯಲ್ಲಿ ಜೈಂಟ್ ವೀಲ್ ಮೇಲಿಂದ ಇಳಿಯುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಲ್ಲ? ನಮಗೆ ಒಂದು ಕ್ಷಣ ಆಗೋದು ಅವರಿಗೆ ಹಗಲೂ ರಾತ್ರಿ.

ಗಗಾರಿನ್‌ಗೆ ಇದರ ಬಿಸಿ ತಟ್ಟಲಿಲ್ಲ. 1961ರ ಏಪ್ರಿಲ್‌ನಲ್ಲಿ ಅವರ ಇಡೀ ಯಾತ್ರೆ 108 ನಿಮಿಷದ್ದು, ಅದೂ ಸೀಟಿಗೆ ಪಟ್ಟಿ ಬಿಗಿದುಕೊಂಡೇ. ಅದೇ ವರ್ಷ ಆಗಸ್ಟ್‌ನಲ್ಲಿ ಹೋದ ಗೆರ್ಮನ್ ಟಿಟೊವ್ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಮೇಲಿದ್ದರು. ಅವರಿಗೆ ತಲೆಸುತ್ತು, ವಾಕರಿಕೆ ಎಲ್ಲ ಶುರುವಾಯ್ತು. ನಿದ್ದೆಯಿಂದ ಎದ್ದು ನೋಡಿದರೆ ಅವರದೇ ಕೈಗಳು ಮುಖದ ಮುಂದೆ ತೇಲ್ತಾ ಇದ್ದವು. ಕೈಗಳನ್ನ ಬೆಲ್ಟಿನ ಕೆಳಗೆ ಸಿಕ್ಕಿಸಿಕೊಂಡು ಮತ್ತೆ ಮಲಗಿದರು.

ಈಗ ಆ ಇಬ್ಬರ ವಿಷಯಕ್ಕೆ ಬರ್ತೀನಿ. ಒಬ್ಬರು ಆಂಡ್ರಿಯಾನ್ ನಿಕೊಲಾಯೆವ್. 1962ರಲ್ಲೇ ಹೋಗಿಬಂದಿದ್ದವರು, ಸೀಟಿನ ಪಟ್ಟಿ ಬಿಚ್ಚಿ ನೌಕೆಯೊಳಗೆ ತೇಲಿದ ಮೊದಲ ಮನುಷ್ಯ. ಇನ್ನೊಬ್ಬರು ಇಂಜಿನಿಯರ್ ವಿಟಾಲಿ ಸೆವಾಸ್ತಿಯಾನೊವ್. 1970ರ ಜೂನ್ 1ರಂದು ಸೊಯುಜ್-9ರಲ್ಲಿ ಹೊರಟರು. ಐದು ವರ್ಷ ಹಿಂದೆ ಅಮೆರಿಕದವರು ಜೆಮಿನಿ-7ರಲ್ಲಿ ಸುಮಾರು 14 ದಿನ ಇದ್ದು ಬಂದಿದ್ದರು. ಆ ದಾಖಲೆ ಮುರಿಯಬೇಕಿತ್ತು, ಜೊತೆಗೆ ಮುಂದೆ ಕಟ್ಟಲಿರೋ ನಿಲ್ದಾಣದಲ್ಲಿ ಮನುಷ್ಯ ಎಷ್ಟು ದಿನ ಇರಬಲ್ಲ ಅನ್ನೋದೂ ಗೊತ್ತಾಗಬೇಕಿತ್ತು. ಮೇಲಿಂದಲೇ ಭೂಮಿಯವರ ಜೊತೆ ಚೆಸ್ ಆಡಿದರು, ಆಟ ಡ್ರಾ ಆಯ್ತು. ಎಲ್ಲವೂ ಸುಗಮ ಅಂತಲೇ ಕೆಳಗಿದ್ದವರು ಅಂದುಕೊಂಡಿದ್ದರು.

ಜೂನ್ 19ರಂದು ಕಜಕಸ್ತಾನದಲ್ಲಿ ನೌಕೆ ಇಳಿಯಿತು. ಇಬ್ಬರಿಗೂ ಎದ್ದು ನಡೆಯೋಕೆ ಆಗಲಿಲ್ಲ. ಎತ್ತಿಕೊಂಡೇ ಹೋಗಬೇಕಾಯ್ತು. ಸುಮ್ಮನೆ ನಿಂತರೂ ಎದೆಬಡಿತ ಏರುತ್ತಿತ್ತು. ಕಾಲಿನ ಸ್ನಾಯುಗಳು ಇಳಿದುಹೋಗಿದ್ದವು. ಹಾಸಿಗೆಯಲ್ಲಿ ಮಲಗಿದ್ರೂ ಯಾರೋ ಮೈಮೇಲೆ ಭಾರ ಹೇರಿದ ಹಾಗೆ ಅನ್ನಿಸುತ್ತಿತ್ತು. ಮೊದಲಿನ ಹಾಗೆ ಆಗೋಕೆ ದಿನಗಟ್ಟಲೆ ಹಿಡಿಯಿತು. ಯೋಚನೆ ಮಾಡಿ, ವರ್ಷಗಟ್ಟಲೆ ತರಬೇತಿ ಪಡೆದ, ಗಟ್ಟಿಮುಟ್ಟಾದ ಗಂಡಸರು ಅವರು!

ಆಗಿದ್ದೇನು? ಎರಡು ಕಾಲ ಮೇಲೆ ನಿಲ್ಲೋದೇ ನಮಗೆ ದಿನವಿಡೀ ವ್ಯಾಯಾಮ, ನಮಗದು ಗೊತ್ತಾಗೋದಿಲ್ಲ ಅಷ್ಟೆ. ಮೇಲೆ ಹೋದ ತಕ್ಷಣ ಆ ಕೆಲಸ ನಿಂತುಹೋಗುತ್ತೆ. ಕಾಲಿನ ಕಡೆ ಇರಬೇಕಾದ ರಕ್ತ, ನೀರಿನಂಶ ತಲೆಯ ಕಡೆ ಏರುತ್ತೆ. ಮುಖ ಊದುತ್ತೆ, ಕಾಲು ಸಣಕಲಾಗುತ್ತೆ, ಮೂಗು ಕಟ್ಟುತ್ತೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ದೇಹ ಅದನ್ನ ಹೊರಗೆ ಹಾಕುತ್ತೆ. ಕೆಲಸ ಇಲ್ಲದ ಸ್ನಾಯು ಕರಗುತ್ತೆ. ಮೂಳೆಯದ್ದಂತೂ ದೊಡ್ಡ ಕಥೆ: ಸರಿಯಾದ ವ್ಯಾಯಾಮ ಇಲ್ಲದಿದ್ರೆ ಸೊಂಟದ ಭಾಗದಲ್ಲಿ ತಿಂಗಳಿಗೆ ಶೇಕಡಾ 1ಕ್ಕಿಂತ ಹೆಚ್ಚು ಸವೆಯುತ್ತೆ. ಅಲ್ಲಿ ದೇಹಕ್ಕೆ ಇದರಿಂದ ಯಾವ ತೊಂದರೆಯೂ ಕಾಣೋದಿಲ್ಲ. ಲೆಕ್ಕ ಚುಕ್ತಾ ಆಗೋದು ನೆಲ ಮುಟ್ಟಿದ ದಿನ.

ಆ ಇಬ್ಬರನ್ನ ನೋಡಿದ ಮೇಲೆ ಸೋವಿಯತ್ ವೈದ್ಯರು ಹಟ ಹಿಡಿದರು. ಮರುವರ್ಷದ ಸಲ್ಯೂಟ್-1 ನಿಲ್ದಾಣಕ್ಕೆ ಟ್ರೆಡ್‌ಮಿಲ್ ಹೋಯಿತು. ಓಡುವವರನ್ನ ರಬ್ಬರ್ ಪಟ್ಟಿಯಿಂದ ಕೆಳಕ್ಕೆ ಎಳೆದು ಕಟ್ಟಬೇಕು, ಇಲ್ಲದಿದ್ರೆ ಮೊದಲ ಹೆಜ್ಜೆಗೇ ಚಾವಣಿಗೆ ಹೋಗ್ತಾರೆ. ಇವತ್ತಿಗೂ ನಿಲ್ದಾಣದಲ್ಲಿ ಇರೋರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೇ ಎತ್ತಿಡ್ತಾರೆ.

1984ರಲ್ಲಿ ನಮ್ಮ ರಾಕೇಶ್ ಶರ್ಮಾ ಸಲ್ಯೂಟ್-7ರಲ್ಲಿ ಯೋಗ ಮಾಡಿದ್ದು ಬರೀ ಪ್ರದರ್ಶನಕ್ಕೆ ಅಂತ ಎಷ್ಟೋ ಜನ ಇನ್ನೂ ಅಂದುಕೊಂಡಿದ್ದಾರೆ. ಅಲ್ಲ. ತೂಕ ಇಲ್ಲದ ಕಡೆ ದೇಹ ಹೊಂದಿಕೊಳ್ಳೋಕೆ ಯೋಗ ನೆರವಾಗುತ್ತಾ ಅನ್ನೋದು ಒಂದು ಪ್ರಯೋಗವಾಗಿತ್ತು. ಅಲ್ಲಿ ಆಸನ ಹಾಕೋದೇ ಕಷ್ಟ, ದೇಹ ಒಂದು ಕಡೆ ನಿಲ್ಲಬೇಕಲ್ಲ! ಅಂದಹಾಗೆ ಅವರು ರಷ್ಯನ್ನರಿಗೆ ಹಂಚಿದ ಸೂಜಿ ಹಲ್ವಾ, ಅಂದ್ರೆ ನಮ್ಮ ರವೆ ಸಿಹಿ, ತಯಾರಾಗಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ.

ಆದರೂ ದೊಡ್ಡ ಪ್ರಶ್ನೆ ಹಾಗೇ ಇತ್ತು. ಮಂಗಳಕ್ಕೆ ಹೋಗೋಕೇ ಆರೇಳು ತಿಂಗಳು ಬೇಕು. 18 ದಿನಕ್ಕೇ ಹೀಗಾದರೆ, ಅಲ್ಲಿ ಇಳಿದವರನ್ನ ಎತ್ತಿಕೊಳ್ಳೋಕೆ ಯಾರಿರ್ತಾರೆ? ಉತ್ತರ ಹುಡುಕೋಕೆ ವೈದ್ಯರೊಬ್ಬರು ತಮ್ಮ ದೇಹವನ್ನೇ ಒಡ್ಡಿದರು. ವಲೇರಿ ಪೊಲ್ಯಾಕೊವ್ 1994ರ ಜನವರಿ 8ರಂದು ಮಿರ್ ನಿಲ್ದಾಣಕ್ಕೆ ಹೊರಟವರು ವಾಪಸ್ ಬಂದಿದ್ದು 437 ದಿನಗಳ ನಂತರ. ಒಂದೇ ಯಾತ್ರೆಯಲ್ಲಿ ಅಷ್ಟು ದಿನ ಇದ್ದವರು ಅವರಾದ ಮೇಲೆ ಇನ್ನೊಬ್ಬರಿಲ್ಲ. 1995ರ ಮಾರ್ಚ್ 22ರಂದು ನೌಕೆ ನೆಲಕ್ಕೆ ಬಂತು. ಎತ್ತಿಕೊಂಡು ಹೋಗೋದು ಅಷ್ಟೊತ್ತಿಗೆ ವಾಡಿಕೆಯೇ ಆಗಿತ್ತು. ಪೊಲ್ಯಾಕೊವ್ ಮಾತ್ರ ತಮ್ಮ ಕಾಲ ಮೇಲೇ ಎದ್ದರು, ಹತ್ತಿರದಲ್ಲಿ ಹಾಕಿದ್ದ ಕುರ್ಚಿಯ ತನಕ ನಡೆದು ಹೋಗಿ ಕೂತರು.