ಚಿತ್ರದುರ್ಗ ಸೀಮೆಯ ಇತಿಹಾಸ ಸಂಶೋಧನೆ ಮತ್ತು ವಿಶ್ವವಿದ್ಯಾನಿಲಯ

ಕನ್ನಡನಾಡಿನ ಲಿಪಿಕಾರರಲ್ಲಿ ಹೆಸರು ತಿಳಿದುಬಂದಿರುವ ಅತ್ಯಂತ ಪ್ರಾಚೀನರಲ್ಲಿ ಚಪಡನೆಂಬವನು ಒಬ್ಬ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬರೆದವನು ಈತ. ಶಾಸನಪಾಠವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಸೂಚಿಸುವ ಒಂದು ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಈ ಶಾಸನಗಳನ್ನು ಪತ್ತೆಹಚ್ಚುವವರೆಗೆ ಆ ಬಂಡೆಗಳು ಊರವರ ಕಣ್ಣೆದುರಿಗೇ ಇದ್ದವು. ಓದುವವರು ಮಾತ್ರ ಇರಲಿಲ್ಲ. ಆಕರವಿದ್ದ ಮಾತ್ರಕ್ಕೆ ಇತಿಹಾಸವಾಗುವುದಿಲ್ಲ. ಅದನ್ನು ಒಬ್ಬನು ಓದಬೇಕು, ಓದಿದುದನ್ನು ಪ್ರಕಟಿಸಬೇಕು, ಪ್ರಕಟವಾದುದನ್ನು ಮತ್ತೊಬ್ಬನು ಪರೀಕ್ಷಿಸಬೇಕು. ಈ ಮೂರೂ ಅವಿಚ್ಛಿನ್ನವಾಗಿ ನಡೆಯಲು ಆಶ್ರಯವೊಂದು ಬೇಕು. ಚಿತ್ರದುರ್ಗ ಸೀಮೆಯ ಮಟ್ಟಿಗೆ ವಿಶ್ವವಿದ್ಯಾನಿಲಯವು ಆ ಆಶ್ರಯವನ್ನು ಎಷ್ಟರಮಟ್ಟಿಗೆ ಒದಗಿಸಿತೆಂಬುದು ವಿಚಾರಾರ್ಹವಾಗಿದೆ.

ವಿಶ್ವವಿದ್ಯಾನಿಲಯವು ಹುಟ್ಟುವುದಕ್ಕೆ ಮೊದಲೇ ಈ ಸೀಮೆಯ ಶಾಸನಗಳ ಸಂಗ್ರಹಕಾರ್ಯ ನಡೆದಿತ್ತು. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಗೆ ಮೀಸಲಾಗಿ ೧೯೦೩ರಲ್ಲಿ ಹೊರಬಂದಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲಾದ ತಾಲ್ಲೂಕುಗಳ ಕಲ್ಬರಹಗಳು ಒಂದೆಡೆ ಸೇರಿ, ದೂರದಲ್ಲಿದ್ದವರಿಗೂ ಓದಲು ದೊರೆತದ್ದು ಅಂದಿನಿಂದ. ಹೊಸದುರ್ಗ ತಾಲ್ಲೂಕಿನ ನೀರ್ಗುಂದವು ಇಂದು ಒಂದು ಹಳ್ಳಿ. ಗಂಗರ ಕಾಲದಲ್ಲಿ ಅದು ಒಂದು ನಾಡಿನ ರಾಜಧಾನಿಯಾಗಿತ್ತು. ಶ್ರೀಪುರುಷನ ಕ್ರಿ. ಶ. ೭೭೬ರ ದೇವರಹಳ್ಳಿ ತಾಮ್ರಪಟಗಳು, ನೀರ್ಗುಂದದ ಅರಸ ಪರಮಗೂಳನ ಪತ್ನಿ ಕುಂದಾಚ್ಚಿಯು ಶ್ರೀಪುರದಲ್ಲಿ ಲೋಕತಿಲಕವೆಂಬ ಜಿನಭವನವನ್ನು ಕಟ್ಟಿಸಿದುದನ್ನು ತಿಳಿಸುತ್ತವೆ. ಆ ತಾಮ್ರಪಟಗಳು ದೊರೆತದ್ದು ನಾಗಮಂಗಲ ಸೀಮೆಯಲ್ಲಿ. ಅವು ಹೇಳುವ ಅರಸುಮನೆತನ ಹೊಸದುರ್ಗ ಸೀಮೆಯದು. ಎರಡು ಜಿಲ್ಲೆಗಳ ಆಕರಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಸೌಕರ್ಯವಿಲ್ಲದಿದ್ದರೆ ಈ ಸಂಬಂಧವು ಯಾರಿಗೂ ಹೊಳೆಯುತ್ತಿರಲಿಲ್ಲ. ಹೊಳಲ್ಕೆರೆಯಲ್ಲಿ ಒಮ್ಮೆ ಇದ್ದ ಜೈನ ನೆಲೆಯ ಸಂಗತಿಯೂ ಹೀಗೆ ಶಾಸನಗಳ ಮೂಲಕವೇ ಬೆಳಕಿಗೆ ಬಂದುದು.

ಆದರೆ ಸಂಗ್ರಹವು ಸಂಶೋಧನೆಯ ಮೊದಲ ಮೆಟ್ಟಿಲು ಮಾತ್ರ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಈ ಕಾರ್ಯಕ್ಕೆ ಹೊಸದೊಂದು ಅಂಗ ಕೂಡಿತು. ೧೮೯೧ರಲ್ಲಿ ಆರಂಭವಾಗಿದ್ದ ಪ್ರಾಚ್ಯ ಗ್ರಂಥಭಂಡಾರವು ಅದರ ಆಡಳಿತಕ್ಕೆ ಬಂದಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಮುದ್ರಿಸಿದ್ದು ಇದೇ ಭಂಡಾರದಿಂದ. ಗ್ರಂಥವನ್ನು ಕಾಯುವವರು, ಅದನ್ನು ಪಾಠ ಹೇಳುವವರು, ಕಲಿಯುವವರು ಒಂದೇ ಸಂಸ್ಥೆಯ ಆಶ್ರಯದಲ್ಲಿ ಇರುವಂತಾದುದು ಸಣ್ಣ ಸಂಗತಿಯಲ್ಲ. ಭಂಡಾರದಲ್ಲಿ ಭದ್ರವಾಗಿರುವ ಓಲೆ ರಕ್ಷಿತವಾಗಿರುತ್ತದೆ. ಶಿಷ್ಯನೊಬ್ಬನು ಗುರುವಿನ ಪಾಠವನ್ನು ಪ್ರಶ್ನಿಸುವ ಕಡೆ ಮಾತ್ರ ಅದು ಜೀವಂತವಾಗಿರುತ್ತದೆ.

ಈ ಮಾತಿಗೆ ಚಂದ್ರವಳ್ಳಿಯೇ ನಿದರ್ಶನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರೂ ರಾಜ್ಯದ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣ ಅವರು ದುರ್ಗದ ಬೆಟ್ಟಗಳ ನಡುವಣ ಈ ಕಣಿವೆಯಲ್ಲಿ ಉತ್ಖನನ ನಡೆಸಿದರು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನವನ್ನು ಅವರು ೧೯೨೯ರ ಇಲಾಖೆಯ ವರದಿಯಲ್ಲಿ ಪ್ರಕಟಿಸಿದರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಗಾತ್ರ ಮೂರೇ ಸಾಲು. ಮಯೂರಶರ್ಮನು ಕೆರೆಯನ್ನು ಮಾಡಿಸಿದನೆಂಬ ಸಂಗತಿಯ ಜೊತೆಗೆ, ಅವನು ಗೆದ್ದ ತ್ರೈಕೂಟಕ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿಗಳ ಹೆಸರುಗಳೂ ಅದರಲ್ಲಿವೆ ಎಂಬುದು ಕೃಷ್ಣ ಅವರ ಓದು.

ಈ ಓದನ್ನು ಒಪ್ಪಿದರೆ ಮಯೂರಶರ್ಮನ ಪ್ರತಾಪವು ಉತ್ತರಾಪಥದವರೆಗೂ ಹಬ್ಬಿತ್ತೆಂದು ಹೇಳಬೇಕಾಗುತ್ತದೆ. ಕನ್ನಡಿಗರ ಮೊದಲ ರಾಜವಂಶದ ಮೂಲಪುರುಷನಿಗೆ ಇಂತಹ ಕೀರ್ತಿ ಸಲ್ಲುವುದು ಯಾವ ಕನ್ನಡಿಗನಿಗೆ ಬೇಡ? ಆದರೂ ವಿದ್ವಾಂಸರು ಸಂದೇಹವನ್ನು ಮುಚ್ಚಿಡಲಿಲ್ಲ. ಕದಂಬರ ಉದಯವನ್ನು ವಿಸ್ತಾರವಾಗಿ ವರ್ಣಿಸುವ ತಾಳಗುಂದದ ಸ್ತಂಭಶಾಸನವು ಪಲ್ಲವರೊಡನೆ ನಡೆದ ಘರ್ಷಣೆಯನ್ನು ಹೇಳುತ್ತದೆ. ಶಕ, ಮೌಖರಿಗಳ ಮೇಲಣ ಜಯದ ಮಾತೇ ಅಲ್ಲಿಲ್ಲ. ವಂಶಜರೇ ಬರೆಯಿಸಿದ ಪ್ರಶಸ್ತಿಯು ಇಷ್ಟು ದೊಡ್ಡ ಜಯವನ್ನು ಬಿಟ್ಟಿತೆಂದರೆ ನಂಬುವುದು ಕಷ್ಟ. ಬಂಡೆಯ ಅಕ್ಷರಗಳೂ ಸವೆದಿವೆ. ಸವೆದ ಎಡೆಯಲ್ಲಿ ಕಣ್ಣಿಗೆ ಕಂಡುದೆಷ್ಟು, ಊಹೆ ತುಂಬಿದುದೆಷ್ಟು ಎಂಬ ಪ್ರಶ್ನೆ ಏಳುವುದು ಸಹಜ. ಮುಂದೆ ಚಿತ್ರದುರ್ಗದ ಸಂಶೋಧಕರಾದ ಡಾ. ಬಿ. ರಾಜಶೇಖರಪ್ಪನವರು ಬಂಡೆಯನ್ನು ಪುನಃ ಪರಿಶೀಲಿಸಿ ಭಿನ್ನವಾದ ಪಾಠವನ್ನು ಸೂಚಿಸಿದರು. ಮೊದಲು ಓದಿದವರ ಗೌರವವು ಇದರಿಂದ ಕುಂದಲಿಲ್ಲ. ಕೃಷ್ಣ ಅವರು ತಮ್ಮ ಓದನ್ನು ಪ್ರಕಟಿಸಿದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತು. ಪ್ರಕಟಿಸದೆ ಇಟ್ಟುಕೊಂಡ ಪಾಠವು ಸರಿಯಾಗಿದ್ದರೂ ಲೋಕಕ್ಕೆ ನಿಷ್ಪ್ರಯೋಜಕ.

ಉತ್ಖನನದ ವಿಷಯದಲ್ಲಿಯೂ ಹೀಗೆಯೇ ಆಯಿತು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆಸಿದರು. ಮಣ್ಣಿನ ಪದರಗಳ ಅನುಕ್ರಮವನ್ನು ಅನುಸರಿಸಿ ಶಿಲಾಕೊಡಲಿ ಸಂಸ್ಕೃತಿ, ಬೃಹತ್ ಶಿಲಾಸಂಸ್ಕೃತಿ, ಆಂಧ್ರ ಸಂಸ್ಕೃತಿ ಎಂಬ ಮೂರು ಹಂತಗಳನ್ನು ಗುರುತಿಸಿದರು. ರೋಮಕ ಚಕ್ರವರ್ತಿ ಟೈಬೀರಿಯಸನ ನಾಣ್ಯವೂ ಸಾತವಾಹನರ ನಾಣ್ಯಗಳೂ ದೊರೆತಿರುವ ಚಂದ್ರವಳ್ಳಿಯು ಕಡೆಯ ಹಂತದ ಕಾಲನಿರ್ಣಯಕ್ಕೆ ನೆರವಾಯಿತು. ಶಿಲಾಕೊಡಲಿ ಸಂಸ್ಕೃತಿಯು ಕ್ರಿ. ಪೂ. ಒಂದನೆಯ ಸಹಸ್ರಮಾನದ ಆದಿಯಲ್ಲಿ ಆರಂಭವಾಯಿತೆಂದು ಅವರು ಎಣಿಸಿದರು. ಆದರೆ ದಕ್ಷಿಣದ ಇತರ ನೆಲೆಗಳಲ್ಲಿ ರೇಡಿಯೋ ಇಂಗಾಲದ ವಿಧಾನದಿಂದ ದೊರೆತ ಕಾಲಮಾನಗಳು ನವಶಿಲಾಯುಗದ ಆರಂಭವನ್ನು ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೂಡಿದವು. ವೀಲರ್ ಅವರ ಹಂತಗಳ ಅನುಕ್ರಮ ಉಳಿಯಿತು, ಅವರ ಕಾಲಗಣನೆ ಉಳಿಯಲಿಲ್ಲ. ಒಬ್ಬ ವಿದ್ವಾಂಸನ ಮಾತಿನಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂದು ಬಿಡಿಸಿ ನೋಡುವ ಈ ವಿವೇಕವೇ ವಿಮರ್ಶೆ. ಒಂದು ನಯದಿಂದ ಕಂಡುದನ್ನೇ ಪೂರ್ಣಸತ್ಯವೆಂದು ಸಾಧಿಸಬಾರದೆಂಬ ಅನೇಕಾಂತದೃಷ್ಟಿಯಲ್ಲಿ ಬೆಳೆದವರಿಗೆ ಇದು ಅಪರಿಚಿತವಾದ ಮಾರ್ಗವಲ್ಲ.

ವಿಶ್ವವಿದ್ಯಾನಿಲಯದ ಹೊರಗೆ ದುಡಿದವರ ಋಣವನ್ನೂ ಇಲ್ಲಿ ಸ್ಮರಿಸಬೇಕು. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ೧೯೨೪ರಲ್ಲಿ ಪ್ರಕಟಿಸಿದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಸುತ್ತಣ ಹಳೆಯ ಕಾಗದಪತ್ರಗಳನ್ನೂ ಓಲೆಗಳನ್ನೂ ಸಂಗ್ರಹಿಸುವುದಕ್ಕೆ ತಮ್ಮ ಆಯುಷ್ಯವನ್ನು ಸವೆಸಿದರು. ಊರಿನ ಯಾವ ಮನೆಯ ಅಟ್ಟದಲ್ಲಿ ಯಾವ ಕಡತವಿದೆ, ಯಾವ ಹೊಲದ ಬದುವಿನಲ್ಲಿ ಯಾವ ವೀರಗಲ್ಲು ನಿಂತಿದೆ ಎಂಬುದು ತಿಳಿದಿರುವುದು ಇಂತಹವರಿಗೆ. ಪ್ರಾಧ್ಯಾಪಕನ ಬಳಿ ಹೋಲಿಸಿ ನೋಡಲು ಗ್ರಂಥಗಳಿರುತ್ತವೆ, ಊರಿನ ಸಂಶೋಧಕನ ಬಳಿ ನೆಲದ ಪರಿಚಯವಿರುತ್ತದೆ. ಒಬ್ಬರು ಇನ್ನೊಬ್ಬರನ್ನು ಬಿಟ್ಟರೆ ಇಬ್ಬರಿಗೂ ನಷ್ಟ. ಪದವಿಯಿಲ್ಲದವನ ಶೋಧವನ್ನು ಪಡೆದುಕೊಂಡು ಅವನ ಹೆಸರನ್ನು ಮರೆಯುವುದು ವಿದ್ವತ್ತಿಗೆ ಶೋಭೆ ತರುವ ನಡತೆಯಲ್ಲ.

ಇದೇ ಸೀಮೆಯಿಂದ ಹೋಗಿ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಸ್ಥಾನ ದೊರಕಿಸಿಕೊಟ್ಟವರು ಟಿ. ಎಸ್. ವೆಂಕಣ್ಣಯ್ಯನವರು. ೧೮೮೫ರಲ್ಲಿ ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ೧೯೩೯ರಲ್ಲಿ ಅವರು ತೀರಿಕೊಂಡರು. ಕುವೆಂಪು ಅವರು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ೧೯೨೭ರಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದ ಮೇಲೆ, ಹಳಗನ್ನಡ ಕಾವ್ಯಗಳನ್ನು ಪ್ರತಿಗಳಿಂದ ಹೋಲಿಸಿ ಸಂಪಾದಿಸುವ ವಿದ್ಯೆ ಶಿಷ್ಯಪರಂಪರೆಯಾಗಿ ಬೆಳೆಯಿತು. ಆ ಪರಂಪರೆಯ ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿಕೊಟ್ಟರು. ಈ ವಿದ್ಯೆಯ ಲಕ್ಷಣಗಳನ್ನೆಲ್ಲ ಕ್ರೋಡೀಕರಿಸಿದ ಅವರ ಕನ್ನಡ ಗ್ರಂಥಸಂಪಾದನೆ ೧೯೬೪ರಲ್ಲಿ ಹೊರಬಂದಿತು.

ಗ್ರಂಥಸಂಪಾದನೆಯು ಕೇವಲ ಅಕ್ಷರ ತಿದ್ದುವ ಕೆಲಸವಲ್ಲ. ಸಂಪಾದಕನು ದೊರೆಯುವ ಪ್ರತಿಗಳನ್ನೆಲ್ಲ ಕೂಡಿಸುತ್ತಾನೆ. ಯಾವುದು ಯಾವುದರಿಂದ ನಕಲಾದುದೆಂದು ವಿಂಗಡಿಸುತ್ತಾನೆ. ಲಿಪಿಕಾರನ ಕಣ್ತಪ್ಪು, ಕೈತಪ್ಪುಗಳನ್ನು ಗುರುತಿಸುತ್ತಾನೆ. ಒಂದು ಪಾಠವನ್ನು ಸ್ವೀಕರಿಸಿ ಉಳಿದವನ್ನು ಅಡಿಯಲ್ಲಿ ಕೊಡುತ್ತಾನೆ. ಬಿಟ್ಟ ಪಾಠವನ್ನು ಕಾಣಿಸುವುದರಲ್ಲಿಯೇ ಈ ವಿದ್ಯೆಯ ಧರ್ಮವಿದೆ. ಓದುಗನು ಸಂಪಾದಕನ ತೀರ್ಮಾನವನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿರುವುದಕ್ಕೆ ಬೇಕಾದ ಸಾಮಗ್ರಿಯನ್ನು ಸಂಪಾದಕನೇ ಒದಗಿಸಿರುತ್ತಾನೆ. ವಡ್ಡಾರಾಧನೆಯ ಹೆಸರು, ಕರ್ತೃ, ಕಾಲಗಳ ವಿಷಯದಲ್ಲಿ ಇಂದಿಗೂ ಚರ್ಚೆ ನಡೆಯುತ್ತಿರುವುದು ಈ ಕಾರಣದಿಂದ. ಎ. ಆರ್. ಕೃಷ್ಣಶಾಸ್ತ್ರಿಗಳು ೧೯೧೯ರಲ್ಲಿ ಆರಂಭಿಸಿದ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದ ಪ್ರಬುದ್ಧ ಕರ್ಣಾಟಕದಂತಹ ಪತ್ರಿಕೆಗಳು ಇಂತಹ ಚರ್ಚೆಗೆ ಕನ್ನಡದಲ್ಲಿಯೇ ವೇದಿಕೆಯಾದವು.

ಆಕರವು ಯಾರ ಕೈಗೆ ದೊರೆಯುತ್ತದೆ ಎಂಬುದು ಸಮತೆಯ ಪ್ರಶ್ನೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾದಿ ಗ್ರಂಥಗಳ ಹಳಗನ್ನಡ ಲಿಪಿಯ ಓಲೆಪ್ರತಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಅಧ್ಯಯನಕ್ಕೆ ದೊರೆಯುತ್ತಿರಲಿಲ್ಲ. ಆ ಭಕ್ತಿಯೇ ಅವನ್ನು ಉಳಿಸಿತೆಂಬುದನ್ನು ಮರೆಯಬಾರದು. ಆದರೆ ಅವು ವಿದ್ವಲ್ಲೋಕಕ್ಕೆ ತಲುಪಿದ್ದು, ನಕಲುಗಳು ಸಿದ್ಧವಾಗಿ, ಅಮರಾವತಿಯ ಕಾಲೇಜಿನ ಅಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಅವರು ೧೯೩೯ರಿಂದ ಧವಲೆಯ ಸಂಪುಟಗಳನ್ನು ಅಚ್ಚುಹಾಕಿಸಿದ ಮೇಲೆ. ೧೯೫೮ರ ವೇಳೆಗೆ ಹದಿನಾರು ಸಂಪುಟಗಳು ಪೂರ್ಣಗೊಂಡವು. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ೧೯೪೮ರಲ್ಲಿ ಹೊರತಂದು, ಯಾವ ಭಂಡಾರದಲ್ಲಿ ಯಾವ ಗ್ರಂಥವಿದೆ ಎಂಬುದನ್ನು ಎಲ್ಲರೂ ತಿಳಿಯುವಂತೆ ಮಾಡಿದರು. ೧೯೭೧ರಲ್ಲಿ ಡಾ. ಎ. ಎನ್. ಉಪಾಧ್ಯೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾದಾಗ, ಹುಟ್ಟಿನಿಂದ ಜೈನರಲ್ಲದವರಿಗೂ ಈ ವಿದ್ಯೆಯ ಬಾಗಿಲು ತೆರೆಯಿತು. ಶಾಸ್ತ್ರದಾನವೆಂಬ ಮಾತಿಗೆ ಇದಕ್ಕಿಂತ ವಿಶಾಲವಾದ ಅರ್ಥವಿಲ್ಲ.

ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಸಮತೆಯೆಂಬುದು ದಾರಿಯ ದೂರವೂ ಹೌದು. ೧೯೧೬ರಲ್ಲಿ ಉನ್ನತ ವ್ಯಾಸಂಗವೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾಗಿತ್ತು. ೧೯೧೮ರಲ್ಲಿ ನೇಮಕಗೊಂಡು ಮರುವರ್ಷ ವರದಿ ಕೊಟ್ಟ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗದವರ ವಿದ್ಯಾಭ್ಯಾಸಕ್ಕೆ ನೆರವಾಗಬೇಕೆಂದು ಶಿಫಾರಸು ಮಾಡಿತು. ಆದರೂ ಹೊಳಲ್ಕೆರೆಯ ರೈತನ ಮಗನಿಗೆ, ಅದಕ್ಕಿಂತಲೂ ಮಿಗಿಲಾಗಿ ಮಗಳಿಗೆ, ಊಟ ವಸತಿಗಳ ಖರ್ಚೇ ಮೊದಲ ಪರೀಕ್ಷೆಯಾಗಿತ್ತು. ೧೯೮೭ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವೂ ೨೦೦೯ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದವು. ಚಿತ್ರದುರ್ಗದ ಬಳಿಯ ಗುಡ್ಡದ ರಂಗವ್ವನಹಳ್ಳಿಯಲ್ಲಿ ಸ್ನಾತಕೋತ್ತರ ಕೇಂದ್ರವಿರುವುದರಿಂದ ಹಿರಿಯೂರು, ಹೊಸದುರ್ಗಗಳ ವಿದ್ಯಾರ್ಥಿಗಳಿಗೆ ಆ ದಾರಿ ಬಹುಮಟ್ಟಿಗೆ ಹತ್ತಿರವಾಗಿದೆ. ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಸೀಮೆಯಾದ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಇಂದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರವಿದೆ. ಒಂದು ಹೊಲದಲ್ಲಿ ಕಂಡ ಫಲವನ್ನು ಮತ್ತೊಂದು ಹೊಲದಲ್ಲಿ ಪರೀಕ್ಷಿಸದೆ ರೈತನಿಗೆ ಹೇಳಬಾರದೆಂಬುದು ಅಲ್ಲಿಯ ನಿಯಮ. ಒಂದು ಪ್ರತಿಯಲ್ಲಿ ಕಂಡ ಪಾಠವನ್ನು ಮತ್ತೊಂದು ಪ್ರತಿಯೊಡನೆ ಹೋಲಿಸದೆ ಸ್ಥಾಪಿಸಬಾರದೆಂಬುದು ಇಲ್ಲಿಯ ನಿಯಮ. ವಿದ್ಯೆಗಳು ಬೇರೆ, ಶಿಸ್ತು ಒಂದೇ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಭಂಡಾರ ತುಂಬುವುದಿಲ್ಲ. ಪದವಿಗಾಗಿ ಬರೆದ ಮಹಾಪ್ರಬಂಧವು ಅಚ್ಚಾಗದೆ ಕಪಾಟಿನಲ್ಲಿ ಉಳಿದರೆ, ಹಿಂದೆ ಬಸದಿಯ ಪೆಟ್ಟಿಗೆಯಲ್ಲಿ ಮುಚ್ಚಿದ್ದ ಓಲೆಗೂ ಅದಕ್ಕೂ ಭೇದವೇನು? ಹಿಂದಿನವರ ಪಾಠವನ್ನು ಮೂಲದೊಡನೆ ಹೋಲಿಸದೆ ಎತ್ತಿ ಬರೆಯುವವನು ಸಂಶೋಧಕನಲ್ಲ, ಲಿಪಿಕಾರ. ಅದೂ ಕಣ್ಮುಚ್ಚಿ ಬರೆಯುವ ಲಿಪಿಕಾರ. ಮನೆಯ ಅಟ್ಟಗಳಲ್ಲಿರುವ ಓಲೆಗಳು ಗೆದ್ದಲಿಗೆ ಆಹಾರವಾಗುವುದಕ್ಕೆ ಮೊದಲು, ಹೊಲದ ಶಾಸನಗಳು ಜಲ್ಲಿಯಾಗುವುದಕ್ಕೆ ಮೊದಲು, ಆಯಾ ತಾಲ್ಲೂಕಿನ ವಿದ್ಯಾರ್ಥಿಗಳಿಗೆ ಹಳೆಯ ಲಿಪಿಯನ್ನು ಕಲಿಸಿ ಅವುಗಳ ಸೂಚಿಯನ್ನು ಸಿದ್ಧಪಡಿಸುವುದು ಈ ಸೀಮೆಯ ವಿದ್ಯಾಸಂಸ್ಥೆಗಳ ಆದ್ಯ ಕರ್ತವ್ಯವಾಗಿದೆ. ಸೂಚಿಯ ಪ್ರತಿಗಳು ಊರಿನ ಶಾಲೆಗೂ ದೊರೆಯಬೇಕು.

ಚಂದ್ರವಳ್ಳಿಯ ಬಂಡೆಯ ಮೇಲೆ ಮೂರು ಸಾಲುಗಳಿವೆ. ಸುಮಾರು ನೂರು ವರ್ಷಗಳಿಂದ ವಿದ್ವಾಂಸರು ಅವನ್ನು ಓದುತ್ತಿದ್ದಾರೆ, ತಿದ್ದುತ್ತಿದ್ದಾರೆ. ಮಯೂರಶರ್ಮನು ಯಾರನ್ನು ಗೆದ್ದನೆಂಬುದು ನಿಶ್ಚಯವಾಗದಿದ್ದರೂ ಅವನು ಕೆರೆ ಕಟ್ಟಿಸಿದನೆಂಬುದು ಉಳಿದಿದೆ. ಅಕ್ಷರಗಳು ಪೂರ್ಣವಾಗಿ ಸವೆಯುವುದಕ್ಕೆ ಮೊದಲು ಇನ್ನೊಬ್ಬ ಸಮರ್ಥನು, ಅವನು ದುರ್ಗದವನಾಗಲಿ ದೂರದವನಾಗಲಿ, ಅಲ್ಲಿಗೆ ಹೋಗಿ ತನ್ನ ಕಣ್ಣಿನಿಂದ ಓದುವಂತಾಗಬೇಕು.