ಚಾಲಕನ ಬಲಗೈ

1854ರಲ್ಲಿ ರೈಲುಹಳಿ ಥಾಣೆಯಿಂದ ಕಲ್ಯಾಣಕ್ಕೆ ಮುಂದುವರಿಯಿತು. ಆ ದಾರಿಯ ದಿವಾ, ಮುಂದೆ ವಸಯಿ ಮತ್ತು ಪನ್ವೇಲ್ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಆಯಿತು. ರೈಲು ಯಾವ ಕಡೆ ಹೊರಳಬೇಕೆಂದು ಅಲ್ಲಿ ಸಿಗ್ನಲ್ ತಿಳಿಸುತ್ತದೆ. ಹತ್ತಿರದ ಶೀಲ್ ಫಾಟಾ ರಸ್ತೆಯಲ್ಲಿ ವಾಹನ ಯಾವ ಕಡೆ ತಿರುಗುತ್ತದೆಂದು ತಿಳಿಸಬೇಕಾದವನು ಚಾಲಕನೇ.

ಇಂಡಿಕೇಟರ್ ಇಲ್ಲದ ಕಾಲದಲ್ಲಿ ಅವನ ಬಲಗೈಯೇ ಸಿಗ್ನಲ್. 1989ರ ರಸ್ತೆ ನಿಯಮಾವಳಿಯೂ ಅದನ್ನು ಬಿಡಲಿಲ್ಲ: ಬಲಕ್ಕೆ ತಿರುಗಲು ಅಂಗೈ ಮುಂದೆ ಮಾಡಿ ತೋಳು ಚಾಚಬೇಕಿತ್ತು, ಎಡಕ್ಕಾದರೆ ಚಾಚಿದ ತೋಳನ್ನು ಅಪ್ರದಕ್ಷಿಣವಾಗಿ ಸುತ್ತಿಸಬೇಕಿತ್ತು, ನಿಲ್ಲಿಸಲು ಮೊಣಕೈ ಮಡಿಸಿ ಕೈ ನೆಟ್ಟಗೆತ್ತಬೇಕಿತ್ತು.

ಅಮೆರಿಕದ ಬ್ಯೂಕ್ ಕಾರಿಗೆ 1939ರಲ್ಲೇ ಮಿನುಗುವ ಇಂಡಿಕೇಟರ್ ಬಂದಿತ್ತು. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಬಲಗಡೆ ಸ್ಟಿಯರಿಂಗ್ ಇರುವ ವಾಹನಕ್ಕೆ ಕೈಸನ್ನೆ, ಇಂಡಿಕೇಟರ್ ಎರಡನ್ನೂ ಒಪ್ಪಿತು. ಎಡಗಡೆ ಸ್ಟಿಯರಿಂಗಿಗೆ ಮಾತ್ರ ಯಂತ್ರದ ಅಥವಾ ವಿದ್ಯುತ್ ಸಾಧನವೇ ಕಡ್ಡಾಯ.

ಬಲ್ಬು ಕೆಟ್ಟ ರಿಕ್ಷಾ ತಿರುಗುವ ಮೊದಲೇ ಕೈ ಹೊರಬಂದರೆ, ಹಿಂದಿನ ಬೈಕ್ ಸವಾರನಿಗೆ ಬ್ರೇಕ್ ಹಿಡಿಯಲು ಸಮಯ ಸಿಗುತ್ತದೆ.