ಮಹಡಿಯ ಗಾಜಿಗೆ ನೆಲದಿಂದ ಒಂದು ಕೋಲು

ಕುರುಗೋಡಿನ ಅಜ್ಜಿಯ ಮನೆಯಲ್ಲಿ ಗಾಜು ಇದ್ದದ್ದು ಎರಡೇ ಕಡೆ. ಒಂದು ಕಂದೀಲಿನ ಬುರುಡೆ, ಇನ್ನೊಂದು ಪಡಸಾಲೆಯಲ್ಲಿ ತೂಗುಹಾಕಿದ್ದ ದೇವರ ಪಟಗಳು. ಕಿಟಕಿಗೆ ಗಾಜು ಹಾಕಿಸುವ ಯೋಚನೆ ಆ ಮನೆ ಕಟ್ಟಿದವರಿಗೆ ಬಂದಿರಲಿಕ್ಕಿಲ್ಲ. ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ಬಿಸಿಲನ್ನು ಹೊರಗಿಡಲೆಂದೇ ಕಟ್ಟುತ್ತಿದ್ದರು. ದಪ್ಪ ಗೋಡೆ, ಚಪ್ಪಟೆಯಾದ ಮಣ್ಣಿನ ಮಾಳಿಗೆ, ಅಲ್ಲೊಂದು ಇಲ್ಲೊಂದು ಸಣ್ಣ ಕಿಟಕಿ, ಅದಕ್ಕೆ ಮರದ ಕದ ಮತ್ತು ಕಬ್ಬಿಣದ ಸರಳು. ಬೆಳಕು ಬರುತ್ತಿದ್ದದ್ದು ತಲೆಯ ಮೇಲಿನ ಗವಾಕ್ಷಿಯಿಂದ. ಮಳೆ ಹನಿದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಿ ಬರಬೇಕಿತ್ತು. ಕಿಟಕಿ ತೊಳೆಯುವುದು ಎಂಬ ಕೆಲಸವೇ ಆ ಮನೆಯಲ್ಲಿ ಇರಲಿಲ್ಲ.

ಆ ಕೆಲಸ ನಮಗೆ ಅಂಟಿಕೊಂಡದ್ದು ಬಳ್ಳಾರಿಯ ಪಾರ್ವತಿನಗರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿದ ಮೇಲೆ, 2005ರಲ್ಲಿ. ಅದು ಅದಿರಿನ ಕಾಲ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಚೀನಾ ಸಂಡೂರು, ಹೊಸಪೇಟೆಯ ಕೆಂಪು ಮಣ್ಣನ್ನು ಕೇಳಿದಷ್ಟು ಬೆಲೆಗೆ ಕೊಳ್ಳುತ್ತಿತ್ತು. ಗಣಿಗೂ ನಮಗೂ ನೇರ ಸಂಬಂಧವಿರಲಿಲ್ಲ. ಆದರೆ ಊರಿನಲ್ಲಿ ದುಡ್ಡು ಓಡಾಡುವಾಗ ಮನೆ ಕಟ್ಟುವವರ ಕಣ್ಣೂ ದೊಡ್ಡದಾಗುತ್ತದೆ. ಎಲ್ಲರ ಮನೆಗೂ ದೊಡ್ಡ ದೊಡ್ಡ ಗಾಜಿನ ಕಿಟಕಿ ಬಂದವು. ಗಾಜು ಸಿಗುವುದೂ ಸುಲಭವಾಗಿತ್ತು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಚಪ್ಪಟೆ ಮಾಡುವ ವಿದ್ಯೆಯನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಲೋಕಕ್ಕೆ ತೋರಿಸಿತ್ತು. 2000ದಲ್ಲಿ ಚೆನ್ನೈ ಬಳಿಯ ಶ್ರೀಪೆರಂಬದೂರಿನಲ್ಲಿ ಸೇಂಟ್ ಗೋಬೇನ್ ಕಾರ್ಖಾನೆ ಶುರುವಾದ ಮೇಲೆ ಅಂಥ ಗಾಜು ನಮಗೆ ಒಂದು ರಾತ್ರಿಯ ಲಾರಿ ಪಯಣದಷ್ಟು ಹತ್ತಿರವಾಯಿತು. ಐವತ್ತು ವರ್ಷ ಹಿಂದಿನ ಬಳ್ಳಾರಿಯ ಮೇಸ್ತ್ರಿ ಈ ಮನೆಗಳನ್ನು ನೋಡಿದ್ದರೆ, ಇಷ್ಟು ಬಿಸಿಲನ್ನು ಒಳಗೆ ಕರೆದು ಏನು ಮಾಡುತ್ತೀರಿ ಎಂದು ಕೇಳುತ್ತಿದ್ದನೇನೋ.

ಗಾಜು ಬಂದ ಹಾದಿಯಲ್ಲೇ ಧೂಳೂ ಬಂತು. ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳವು. ಎರೆಮಣ್ಣಿನ ಧೂಳು ನಮಗೆ ಹೊಸದಲ್ಲ, ಆಷಾಢದ ಗಾಳಿಯ ಜೊತೆ ಅದು ಯಾವತ್ತೂ ಬರುವುದೇ. ಅದಿರಿನ ಧೂಳು ಬೇರೆ ಜಾತಿಯದು. ಹೆಮಟೈಟ್ ಗಾಜಿನಷ್ಟೇ ಗಟ್ಟಿ, ಕೆಲವೊಮ್ಮೆ ಅದಕ್ಕಿಂತಲೂ ಗಟ್ಟಿ. ಒಣ ಬಟ್ಟೆಯಲ್ಲೋ ಹಳೆಯ ಪತ್ರಿಕೆಯಲ್ಲೋ ತಿಕ್ಕಿದರೆ ಧೂಳು ಹೋಗುತ್ತದೆ, ಗೀರು ಉಳಿಯುತ್ತದೆ. ಮೊದಲು ನೀರು ಸುರಿದು ಅದನ್ನು ಇಳಿಸಬೇಕು ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಕೆಳಗಿನ ಕಿಟಕಿಗಳ ಮೇಲೆಲ್ಲ ಜೇಡರ ಬಲೆಯಂತೆ ಗೀರು ಬಿದ್ದಿತ್ತು.

ಮಹಡಿಯ ಕಿಟಕಿಗಳನ್ನು ಒರೆಸುವುದು ಹೇಗೆ? ಕದ ಹೊರಕ್ಕೆ ತೆರೆದುಕೊಳ್ಳುತ್ತದೆ, ಗ್ರಿಲ್ ಒಳಗಿದೆ. ಸರಳುಗಳ ನಡುವೆ ಕೈ ತೂರಿಸಿದರೆ ಗಾಜಿನ ಅರ್ಧ ಸಿಗುತ್ತದೆ, ಉಳಿದರ್ಧ ಇಲ್ಲ. ಉಳಿದ ದಾರಿ ಟೆರೇಸಿನಿಂದ ಇಳಿದು, ಕೆಳಗಿನ ಕಿಟಕಿಯ ಸಜ್ಜದ ಮೇಲೆ ನಿಲ್ಲುವುದು. ಒಂದೂವರೆ ಅಡಿ ಅಗಲದ ಕಾಂಕ್ರೀಟು ಅದು. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ದೀಪಾವಳಿ, ಯುಗಾದಿಗೆ ಸೆರಗು ಸಿಕ್ಕಿಸಿಕೊಂಡು ಅಲ್ಲಿ ಇಳಿಯುತ್ತಿದ್ದಳು. “ಬ್ಯಾಡ ಬಿಡು” ಎಂದು ಅಮ್ಮ ಹೇಳುತ್ತಿದ್ದದ್ದು ನಿಜ. “ನಾನೇ ಹತ್ತೀನಿ ಬಿಡ್ರಿ ಅಕ್ಕಾ, ಏನಾಗ್ತೈತೆ” ಎಂದು ಅವಳು ಹೇಳುತ್ತಿದ್ದದ್ದೂ ನಿಜ. 2009ರ ದೀಪಾವಳಿಗೆ ನಾಲ್ಕು ದಿನ ಇರುವಾಗ ಸೋಪಿನ ನೀರಿನಲ್ಲಿ ಅವಳ ಕಾಲು ಜಾರಿತು. ಕಾಂಪೌಂಡಿನ ಪಕ್ಕ ಮರಳಿನ ಗುಡ್ಡೆ ಇದ್ದದ್ದಕ್ಕೆ ಮಣಿಕಟ್ಟು ಮುರಿಯುವುದರಲ್ಲೇ ಮುಗಿಯಿತು. ಆಸ್ಪತ್ರೆಯ ಖರ್ಚು ನಾವೇ ಕೊಟ್ಟೆವು. ನಾವೇನೂ ಹತ್ತು ಅಂದಿರಲಿಲ್ಲ ಎಂದು ಬಂದವರಿಗೆಲ್ಲ ಹೇಳಿದೆವು. ನಾವು ಯಾರೂ ಹೇಳದೆ ಬಿಟ್ಟ ಮಾತೊಂದಿತ್ತು. ಅವಳು ಬೀಳುವ ಮುಂಚೆ ನಾನು ಕೆಳಗೆ ಅಂಗಳದಲ್ಲಿ ನಿಂತು, “ಬಲಗಡೆ ಮೂಲೆಯಾಗೆ ಇನ್ನೂ ಐತೆ ನೋಡು” ಎಂದು ಬೆರಳು ತೋರಿಸುತ್ತಿದ್ದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಸಿಂಗಪುರದಲ್ಲಿ 2012ರಲ್ಲಿ ಹಲವು ಮನೆಗೆಲಸದ ಹೆಣ್ಣುಮಕ್ಕಳು ಎತ್ತರದ ಫ್ಲಾಟುಗಳಿಂದ ಬಿದ್ದು ಸತ್ತ ಮೇಲೆ ಸರ್ಕಾರ ಹೊಸ ನಿಯಮ ಮಾಡಿತು. ಗ್ರಿಲ್ ಬೀಗ ಹಾಕಿರಬೇಕು, ಮನೆಯ ದೊಡ್ಡವರೊಬ್ಬರು ಎದುರಿಗಿರಬೇಕು, ಇಲ್ಲದಿದ್ದರೆ ಕಿಟಕಿಯ ಹೊರಮೈ ಒರೆಸುವಂತಿಲ್ಲ. ಬ್ರಿಟನ್ನಿನ 2005ರ ಎತ್ತರದ ಕೆಲಸಗಳ ಕಾನೂನು ಇನ್ನೂ ಸರಳ. ನೆಲದ ಮೇಲೆ ನಿಂತೇ ಮಾಡಬಹುದಾದ ಕೆಲಸಕ್ಕೆ ಯಾರನ್ನೂ ಮೇಲೆ ಹತ್ತಿಸಬೇಡಿ ಎನ್ನುವುದು ಅದರ ಮೊದಲ ಮಾತು. ಅಲ್ಲಿನ ಕಿಟಕಿ ತೊಳೆಯುವವರು ಏಣಿ ಬಿಟ್ಟು ಉದ್ದನೆಯ ಕೋಲು ಹಿಡಿಯಲು ಆ ಕಾನೂನಿನ ಪಾಲು ದೊಡ್ಡದು.

ಕೋಲಿನ ತುದಿಗಿರುವ ರಬ್ಬರಿನ ಪಟ್ಟಿಗೆ ಇಂಗ್ಲಿಷಿನಲ್ಲಿ ಸ್ಕ್ವೀಜಿ ಎನ್ನುತ್ತಾರೆ. ನಮ್ಮಲ್ಲಿ ಅದೂ ವೈಪರ್, ಬಚ್ಚಲು ಬಳಿಯುವುದೂ ವೈಪರ್, ಕಾರಿನ ಮುಂದಿರುವುದೂ ವೈಪರ್. ಇತಿಹಾಸದ ಲೆಕ್ಕದಲ್ಲಿ ಬಚ್ಚಲಿನದೇ ಹಿರಿಯಣ್ಣ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹೆಸರು ಹಡಗಿನ ಡೆಕ್ಕಿನ ನೀರು ಬಳಿಯುವ ಸಾಧನಕ್ಕೆ ಇತ್ತು. ಅದು ಕಿಟಕಿಗೆ ಹತ್ತಿದಾಗ ಬಲು ಭಾರವಾಗಿತ್ತು. ಅಮೆರಿಕದವರು ಬಳಸುತ್ತಿದ್ದ ಷಿಕಾಗೊ ಮಾದರಿಯದಕ್ಕೆ ಉಕ್ಕಿನ ಮೈ, ಎರಡು ರಬ್ಬರು, ಅವನ್ನು ಬದಲಿಸಲು ಬಿಚ್ಚಬೇಕಾದ ಹನ್ನೆರಡು ಸ್ಕ್ರೂ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಕಿಟಕಿ ತೊಳೆಯುತ್ತಿದ್ದ ಇಟಲಿಯ ವಲಸಿಗ ಎಟೋರೆ ಸ್ಟೆಕೋನೆ 1936ರಲ್ಲಿ ಹಗುರವಾದ ಹಿತ್ತಾಳೆಯ ಹಿಡಿಗೆ ಒಂದೇ ಚೂಪು ರಬ್ಬರು ಕೂರಿಸಿದ. ಇವತ್ತಿಗೂ ಅದೇ ಆಕಾರ. ದಿನವಿಡೀ ಅದನ್ನು ಹಿಡಿದು ಕೈ ಸೋತವನಿಗೇ ಅದರ ಭಾರ ಗೊತ್ತಿತ್ತು ಅನ್ನುವುದು ನನಗೆ ಇಷ್ಟವಾದ ಸಂಗತಿ.

ನಮ್ಮ ಮನೆಗೆ ಕೋಲು ಬಂದದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಲಾರಿಗಳ ಸಾಲು ಕರಗಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷದ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಅದು ಮತ್ತೆ ಹಂತಹಂತವಾಗಿ ಶುರುವಾದರೂ ಧೂಳು ಮೊದಲಿನಷ್ಟಿಲ್ಲ.

ಒಂದರೊಳಗೊಂದು ಸೇರಿಕೊಳ್ಳುವ ಮೂರು ತುಂಡಿನ ಅಲ್ಯೂಮಿನಿಯಂ ಕೋಲು, ಬಟ್ಟೆ ಸುತ್ತಿದ ಒಂದು ಪಟ್ಟಿ, ರಬ್ಬರಿನ ಇನ್ನೊಂದು. ನೋಡಲು ಸುಲಭ, ಮಾಡಲು ಅಲ್ಲ. ಬಕೆಟ್ಟಿನ ನೀರಿಗೆ ನಾಲ್ಕೇ ಹನಿ ಪಾತ್ರೆ ಸೋಪು ಸಾಕು, ಹೆಚ್ಚಾದರೆ ನೊರೆ ಗೆರೆಯಾಗಿ ಉಳಿಯುತ್ತದೆ. ಗಾಜನ್ನು ಪೂರ್ತಿ ತೋಯಿಸಿ, ತಲೆ ಬದಲಿಸಿ, ಮೇಲಿನ ಅಂಚಿನಿಂದ ನೆಟ್ಟಗೆ ಕೆಳಕ್ಕೆ ಎಳೆಯಬೇಕು. ಪ್ರತಿ ಎಳೆತಕ್ಕೂ ರಬ್ಬರು ಒರೆಸಿಕೊಳ್ಳಬೇಕು, ಮುಂದಿನ ಎಳೆತ ಹಿಂದಿನದರ ಮೇಲೆ ಎರಡು ಬೆರಳಷ್ಟು ಹತ್ತಬೇಕು. ನಮ್ಮ ಬೋರಿನ ನೀರು ಗಡಸು, ಬಿಸಿಲಿಗೆ ಆರಿದರೆ ಗಾಜಿನ ತುಂಬ ಬಿಳಿ ಚುಕ್ಕೆ. ಹಾಗಾಗಿ ಸೂರ್ಯ ಆ ಗೋಡೆಗೆ ಬರುವ ಮುಂಚೆಯೇ ಕೆಲಸ ಮುಗಿಯಬೇಕು. ಸಜ್ಜ ಅಡ್ಡ ಬರುವುದರಿಂದ ಗೋಡೆಯಿಂದ ದೂರ ನಿಲ್ಲಬೇಕು. ದೂರ ನಿಂತಷ್ಟೂ ಕೋಲು ವಾಲುತ್ತದೆ, ರಬ್ಬರು ಗಾಜಿಗೆ ಸರಿಯಾಗಿ ಕೂರುವುದಿಲ್ಲ. ಕತ್ತು ನೋಯುತ್ತದೆ, ನೀರು ತೋಳಿನೊಳಗೆ ಇಳಿಯುತ್ತದೆ. ಕೆಳಗಿನಿಂದ ನೋಡಿದರೆ ಗಾಜಿನಲ್ಲಿ ಆಕಾಶ ಕಾಣುತ್ತದೆಯೇ ಹೊರತು ಕೊಳೆ ಕಾಣುವುದಿಲ್ಲ. ಹಾಗಾದರೆ ಅವತ್ತು ನಾನು ಅಷ್ಟು ಖಚಿತವಾಗಿ ತೋರಿಸಿದ ಮೂಲೆಯಲ್ಲಿ ಏನಿತ್ತೋ.

ಮಲೆನಾಡಿನ ಗೆಳೆಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಅಡಿಕೆ ತೋಟಗಳಿಗೆ ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತಿ ಕೊನೆ ಕೊಯ್ಯುತ್ತಿದ್ದವರು ಈಗ ನೆಲದಲ್ಲೇ ನಿಂತು ಕೊಯ್ಯುತ್ತಾರೆ, ಔಷಧಿ ಹೊಡೆಯುತ್ತಾರೆ. ಬ್ರಿಟನ್ನಿನ ಕಿಟಕಿಯವರ ಕೋಲೂ ಅದೇ ವಸ್ತುವಿನದು. “ಮರದಿಂದ ಬಿದ್ದು ಸೊಂಟ ಹೋದವರು ಪ್ರತಿ ಊರಲ್ಲೂ ಇದ್ದಾರೆ, ಆದರೆ ದೋಟಿ ಬಂದದ್ದು ಹತ್ತುವವರು ಸಿಗದೆ ಹೋದಾಗ” ಎಂದರು ಅವರು. ನಮ್ಮ ಮನೆಯ ಕೋಲಿಗೂ ಈ ಮಾತು ಸಲ್ಲುತ್ತದೆ. ಅವಳು ಬಿದ್ದದ್ದು 2009ರಲ್ಲಿ. ಆಮೇಲೆ ಬಂದವಳು ಸಜ್ಜದ ಮೇಲೆ ಇಳಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದಳು. ಏಳು ವರ್ಷ ಯಾರನ್ನಾದರೂ ಹುಡುಕಿ ಸಾಕಾದ ಮೇಲೆ ನಾವು ಕೋಲು ಕೊಂಡೆವು.

ಈಗ ವರ್ಷಕ್ಕೆರಡು ಸಲ ನಾನೇ ತೊಳೆಯುತ್ತೇನೆ, ಪಶ್ಚಿಮದ ಒಂದು ಕಿಟಕಿ ಬಿಟ್ಟು. ಅದರ ಮುಂದೆ ವಿದ್ಯುತ್ ತಂತಿ ಹಾದುಹೋಗಿದೆ. ಅಲ್ಯೂಮಿನಿಯಂ ಆಗಲಿ ಕಾರ್ಬನ್ ಫೈಬರ್ ಆಗಲಿ, ಎರಡರಲ್ಲೂ ಕರೆಂಟು ಹರಿಯುತ್ತದೆ. ತೋಟಗಳಲ್ಲಿ ದೋಟಿ ಹಿಡಿದವರಿಗೂ ಮೊದಲು ಹೇಳಿಕೊಡುವುದು ಇದನ್ನೇ. ಆ ಗಾಜಿನ ಮೇಲೆ ಅದಿರಿನ ಕಾಲದ ಧೂಳು ಹಾಗೇ ಕೂತಿದೆ. ಮೇಲೆ ಸಜ್ಜ ಇರುವುದರಿಂದ ಮಳೆಯೂ ಅದನ್ನು ಮುಟ್ಟುವುದಿಲ್ಲ. ಸಂಜೆ ಐದರ ಹೊತ್ತಿಗೆ ಆ ಕೋಣೆಯ ಗೋಡೆಯೆಲ್ಲ ಕೆಂಪಾಗುತ್ತದೆ.